ಲೀ ಹುವಾ ಬರೆಯುವ ಇಂಗ್ಲಿಷ್ ಪರೀಕ್ಷೆ ಏನನ್ನು ಅಳೆಯುತ್ತದೆ?

ಲೀ ಹುವಾಗೆ ವಯಸ್ಸೇ ಆಗುವುದಿಲ್ಲ. 1990ರ ದಶಕದಿಂದ ಇವತ್ತಿನವರೆಗೂ ಹೈಸ್ಕೂಲಿನ ಕೊನೆಯ ತರಗತಿಯಲ್ಲೇ ಇದ್ದಾರೆ. ಅವರ ಕೆಲಸ ಒಂದೇ, ವಿದೇಶಿ ಗೆಳೆಯರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು. ಒಮ್ಮೆ ಹಬ್ಬಕ್ಕೆ ಕರೆಯುತ್ತಾರೆ, ಒಮ್ಮೆ ಬರಲಾಗಲಿಲ್ಲವೆಂದು ಕ್ಷಮೆ ಕೇಳುತ್ತಾರೆ, ಇನ್ನೊಮ್ಮೆ ಚೀನೀ ಭಾಷೆ ಕಲಿಯುವವರಿಗೆ ಸಲಹೆ ಕೊಡುತ್ತಾರೆ. ಅವರು ನಿಜವಾದ ಮನುಷ್ಯರಲ್ಲ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್‌ನ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ 'ನೀವು ಲೀ ಹುವಾ ಎಂದುಕೊಳ್ಳಿ' ಎಂಬ ಸಾಲು ಬರುತ್ತದೆ, ಅದರಲ್ಲಿ ಹುಟ್ಟಿದವರು. ಹುಡುಗನೋ ಹುಡುಗಿಯೋ ಅಂತ ಕೇಳಬೇಡಿ. ಆ ಹೆಸರು ಇಬ್ಬರಿಗೂ ಸಲ್ಲುತ್ತದೆ. ಅದೂ ಅಲ್ಲದೆ ಚೀನೀ ಮಾತಿನಲ್ಲಿ 'ಅವನು', 'ಅವಳು' ಎರಡೂ 'ತಾ'. ಬರೆಯುವಾಗ ಅಕ್ಷರ ಬೇರೆ ಬೇರೆ, ಕಿವಿಗೆ ಮಾತ್ರ ಒಂದೇ.

ಈ 'ತಾ' ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಂಗ್ಲಿಷಿನಲ್ಲಿ ಪಿಎಚ್.ಡಿ. ಮಾಡಿದ ಚೀನೀಯರೂ ಮಾತಿನ ಭರದಲ್ಲಿ ತಮ್ಮ ಅಮ್ಮನನ್ನು 'ಹಿ' ಅಂದುಬಿಡುತ್ತಾರೆ. ಅದೇ ಜನಕ್ಕೆ ಕಾಗದದ ಮೇಲೆ 'ಹಿ' ಬರಬೇಕೋ 'ಶಿ' ಬರಬೇಕೋ ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳಿ ನೋಡಿ. ನೂರಕ್ಕೆ ನೂರು ತೆಗೆಯುತ್ತಾರೆ. ಹಾಗಾದರೆ ಅವರಿಗೆ ಆ ವ್ಯಾಕರಣ ಬರುತ್ತದೋ ಇಲ್ಲವೋ? ಚೀನೀ ಮಾತಾಡುವವರ ಇಂಗ್ಲಿಷನ್ನು ಅಳೆಯುವ ಎಲ್ಲ ಪರೀಕ್ಷೆಗಳ ತಲೆನೋವೂ ಈ ಒಂದು ಪ್ರಶ್ನೆಯಲ್ಲಿದೆ.

ಮೊದಲು ಪರೀಕ್ಷೆಯ ಅಳತೆ ನೋಡೋಣ. ಹೆಚ್ಚಿನ ಪ್ರಾಂತ್ಯಗಳಲ್ಲಿ ಈಗ ನಡೆಯುವ ಪತ್ರಿಕೆಗೆ 150 ಅಂಕ, ಎರಡು ಗಂಟೆ. ಕೇಳಿ ಉತ್ತರಿಸುವುದಕ್ಕೆ 30, ಓದಿಗೆ 50, ಎರಡು ಬಗೆಯ 'ಬಿಟ್ಟ ಸ್ಥಳ ತುಂಬಿರಿ'ಗೆ ಸೇರಿ 30, ಬರವಣಿಗೆಗೆ 40. ಜೂನ್ 8ರ ಮಧ್ಯಾಹ್ನ 3ಕ್ಕೆ ಶುರು. ಧ್ವನಿಮುದ್ರಿಕೆ ಕೇಳಿಸುವ ಹೊತ್ತಿನಲ್ಲಿ ಕೇಂದ್ರಗಳ ಸುತ್ತಮುತ್ತ ಹಾರ್ನ್ ಹೊಡೆಯುವಂತಿಲ್ಲ, ಕಟ್ಟಡದ ಕೆಲಸ ಮಾಡುವಂತಿಲ್ಲ. 2024ರಲ್ಲಿ ಗಾವ್‌ಕಾವ್‌ಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಇಷ್ಟು ಜನರನ್ನು ಸಾಲಾಗಿ ನಿಲ್ಲಿಸಬೇಕು ಅಂದರೆ ಅರ್ಧ ಅಂಕಕ್ಕೂ ಬೆಲೆ ಬಂದುಬಿಡುತ್ತದೆ. 'ಈ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ' ಅನ್ನುವುದಕ್ಕಿಂತ 'ಈ ಮಗು ಆ ಮಗುವಿಗಿಂತ ಮುಂದೋ ಹಿಂದೋ' ಅನ್ನುವುದೇ ಮುಖ್ಯವಾಗುತ್ತದೆ.

ಒಂದೇ ಪ್ರಶ್ನೆ ಎಲ್ಲ ಭಾಷೆಯ ಮಕ್ಕಳಿಗೂ ಒಂದೇ ಪ್ರಶ್ನೆಯಲ್ಲ. ನಾನು ಹೇಳಹೊರಟಿರುವುದು ಇದನ್ನೇ.

ಕ್ರಿಯಾಪದವನ್ನು ತೆಗೆದುಕೊಳ್ಳಿ. ನಮ್ಮಲ್ಲಿ 'ಹೋದಳು' ಅಂದರೆ ಕಾಲ, ಲಿಂಗ, ವಚನ ಎಲ್ಲಾ ಒಂದೇ ಪದದಲ್ಲಿ ಬಂತು. ಚೀನೀ ಭಾಷೆಯಲ್ಲಿ ಕ್ರಿಯಾಪದ ಅಲುಗುವುದೇ ಇಲ್ಲ. ನಿನ್ನೆ ಹೋಗು, ಇವತ್ತು ಹೋಗು, ನಾಳೆ ಹೋಗು ಅಂದ ಹಾಗೆ. ಕೆಲಸ ಮುಗಿದಿದೆ ಎಂದು ತೋರಿಸಲು 'ಲ' ಎಂಬ ಒಂದು ಪುಟ್ಟ ಪದ ಸೇರಿಸುತ್ತಾರೆ, ಆದರೆ ಅದು ಭೂತಕಾಲದ ಗುರುತಲ್ಲ. ಬಹುವಚನಕ್ಕೂ ಹೀಗೇ. 'ಮೂರು ಪುಸ್ತಕ' ಅಂದರೆ ಮೂರು ಅಂದಾಯಿತಲ್ಲ, ಮತ್ತೆ 'ಗಳು' ಯಾಕೆ? ಹಾಗೆ ನೋಡಿದರೆ ನಾವೂ 'ಮೂರು ಪುಸ್ತಕ ಕೊಡಿ' ಅಂತಲೇ ಅಂಗಡಿಯಲ್ಲಿ ಕೇಳುವುದು. 'ಎ', 'ಆ್ಯನ್', 'ದ' ನಮಗೂ ಇಲ್ಲ, ಅವರಿಗೂ ಇಲ್ಲ. ಆ ಕಷ್ಟದಲ್ಲಿ ನಾವು ಒಂದೇ ದೋಣಿಯವರು.

ಇನ್ನೊಂದು ದೋಣಿಯೂ ಇದೆ. 'ನೀನು ಬರಲ್ವಾ?' ಅಂತ ಕೇಳಿದರೆ ನಾವು 'ಹೂಂ, ಬರಲ್ಲ' ಅನ್ನುತ್ತೇವೆ. ಚೀನೀಯರೂ ಅಷ್ಟೇ. ಇಂಗ್ಲಿಷಿನಲ್ಲಿ ಅದು 'ನೋ' ಆಗಬೇಕು. ಈ ಜಾಗದಲ್ಲಿ ಬೆಂಗಳೂರಿನವರೂ ಬೀಜಿಂಗಿನವರೂ ಒಂದೇ ಥರ ಎಡವುತ್ತಾರೆ. ಆದರೆ 'ಬಿಕಾಸ್' ಬಂದ ವಾಕ್ಯದಲ್ಲೇ 'ಸೋ' ಕೂಡ ಸೇರಿಸುವುದು, 'ಆಲ್ದೋ' ಹಿಂದೆಯೇ 'ಬಟ್' ತರುವುದು ಚೀನೀ ಮಕ್ಕಳಲ್ಲಿ ಬಹಳ ಸಾಮಾನ್ಯ. ಅವರ ಭಾಷೆಯಲ್ಲಿ 'ಯಿನ್‌ವೇ' ಬಂದರೆ 'ಸುವೊಯಿ' ಜೋಡಿಯಾಗಿ ಬರುತ್ತದೆ, 'ಸುಯಿರಾನ್' ಬಂದರೆ 'ದಾನ್‌ಷಿ' ಬರುತ್ತದೆ. ಜೋಡಿಯಲ್ಲಿ ಒಂದನ್ನು ಬಿಟ್ಟರೆ ಏನೋ ಕಳೆದುಹೋದ ಹಾಗೆ ಅನ್ನಿಸುತ್ತದೆ. ಇದು ದಡ್ಡತನವಲ್ಲ. ಬಿಡಬೇಕು ಅನ್ನುವುದನ್ನು ಕಲಿಯುವುದು ಸೇರಿಸಬೇಕು ಅನ್ನುವುದನ್ನು ಕಲಿಯುವುದಕ್ಕಿಂತ ಕಷ್ಟ.

ಸರಿ, ತಪ್ಪುಗಳನ್ನು ಎಣಿಸಿದರೆ ಎಲ್ಲಿ ಕಷ್ಟ ಅಂತ ಗೊತ್ತಾಗುತ್ತದಲ್ವಾ? 1970ರ ದಶಕದಲ್ಲಿ ಭಾಷಾ ಪಂಡಿತರು ಹಾಗೇ ನಂಬಿದ್ದರು. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಅಮೆರಿಕದ ವಿದ್ವಾಂಸೆ ಆ ನಂಬಿಕೆಯನ್ನು ಅಲ್ಲಾಡಿಸಿದರು. 'ನಿನ್ನೆ ಪುಸ್ತಕ ಕೊಂಡ ಹುಡುಗಿ' ಅನ್ನುವಂಥ ಕಟ್ಟುಗಳನ್ನು ಬೇರೆ ಬೇರೆ ಭಾಷೆಯವರು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ಎಂದು ಅವರು ನೋಡಿದರು. ಕನ್ನಡದ ಹಾಗೆ ಚೀನೀ, ಜಪಾನೀ ಭಾಷೆಗಳಲ್ಲಿ 'ಪುಸ್ತಕ ಕೊಂಡ' ಎಂಬುದು ಹುಡುಗಿಗಿಂತ ಮುಂಚೆ ಬರುತ್ತದೆ. ಇಂಗ್ಲಿಷಿನಲ್ಲಿ 'ಹೂ' ಸೇರಿಸಿಕೊಂಡು ಆಮೇಲೆ ಬರುತ್ತದೆ. ಪಾರ್ಸಿ, ಅರಬ್ಬಿ ಭಾಷೆಗಳಲ್ಲೂ ಆಮೇಲೆಯೇ. ಹಾಗಾಗಿ ಚೀನೀಯರೂ ಜಪಾನೀಯರೂ ಜಾಸ್ತಿ ತಪ್ಪು ಮಾಡಬೇಕಿತ್ತು. ಮಾಡಿದ್ದು ಕಡಿಮೆ! ಯಾಕೆಂದರೆ ಅವರು ಆ ಕಟ್ಟನ್ನು ಬಳಸುವುದನ್ನೇ ಕಡಿಮೆ ಮಾಡಿದ್ದರು. ಕಷ್ಟವಾದ ದಾರಿ ಬಿಟ್ಟು ಪಕ್ಕದ ಸಂದಿಯಲ್ಲಿ ನುಸುಳಿ ಹೋಗಿದ್ದರು.

ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ಪಾಠ. ಮಕ್ಕಳಿಗೆ ಸುಮ್ನೆ ಪ್ರಬಂಧ ಬರೆಸಿದರೆ ತಮಗೆ ಬಾರದ್ದನ್ನು ಅವರು ಬರೆಯುವುದೇ ಇಲ್ಲ. ಬರುವುದನ್ನೇ ಬರೆದು ಒಳ್ಳೆಯ ಅಂಕ ತೆಗೆಯುತ್ತಾರೆ. ಬಾರದ್ದನ್ನು ಹೊರಗೆ ಎಳೆಯಬೇಕಾದರೆ ತಪ್ಪಿಸಿಕೊಳ್ಳಲು ಆಗದ ಒಂದು ಖಾಲಿ ಜಾಗ ಬೇಕು. 'ಬಿಟ್ಟ ಸ್ಥಳ ತುಂಬಿರಿ' ಎಂಬ ಹಳೆಯ ಪ್ರಶ್ನೆಯನ್ನು ಹೀಯಾಳಿಸುವವರು ಇದನ್ನು ಮರೆಯುತ್ತಾರೆ.

ಆದರೆ ಖಾಲಿ ಜಾಗದಲ್ಲೂ ಎರಡು ಜಾತಿ. ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಗುರುತು ಹಾಕಿಸುವುದು ಒಂದು, ಏನೂ ಕೊಡದೆ ಬರೆಸುವುದು ಇನ್ನೊಂದು. ಬಹಳ ಕಾಲ ಗಾವ್‌ಕಾವ್‌ನಲ್ಲಿ ವ್ಯಾಕರಣ ಅಂದರೆ ಮೊದಲನೆಯದೇ. ಒಂದು ವಾಕ್ಯ, ಒಂದು ಖಾಲಿ ಜಾಗ, ನಾಲ್ಕು ಆಯ್ಕೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿ. ಹೀಗಿದ್ದ ಮೇಲೆ ಮಕ್ಕಳ ನಡುವೆ ಒಂದು ಗಾದೆ ಹುಟ್ಟದೇ ಇರುತ್ತದೆಯೇ: 'ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದು ಆರಿಸು, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದು ಆರಿಸು.' ಇಂಗ್ಲಿಷಿನ ಒಂದಕ್ಷರ ಬಾರದವರಿಗೂ ಈ ಸೂತ್ರ ಬಾಯಿಪಾಠ. ಏನೂ ತೋಚದಿದ್ದರೆ ಮೂರನೆಯ ಆಯ್ಕೆಗೆ ಗುರುತು ಹಾಕು ಅನ್ನುವುದು ನಮ್ಮಲ್ಲೂ ಕೇಳಿದ ಮಾತೇ.

2010ರ ದಶಕದಲ್ಲಿ ರಾಷ್ಟ್ರೀಯ ಪತ್ರಿಕೆಗಳಿಂದ ಈ ಬಗೆ ಹೊರಟುಹೋಯಿತು. ಅದರ ಜಾಗಕ್ಕೆ ಬಂದದ್ದು 'ವ್ಯಾಕರಣ ತುಂಬುವಿಕೆ'. ಒಂದು ಸಣ್ಣ ಬರಹ, ಹತ್ತು ಖಾಲಿ ಜಾಗ, ಒಂದೊಂದಕ್ಕೆ ಒಂದೂವರೆ ಅಂಕ. ಕೆಲವು ಕಡೆ ಕಂಸದಲ್ಲಿ ಮೂಲ ಪದ ಕೊಟ್ಟಿರುತ್ತಾರೆ, ಅದರ ರೂಪ ಬದಲಿಸಿ ಬರೆಯಬೇಕು. ಕೆಲವು ಕಡೆ ಏನೂ ಇರುವುದಿಲ್ಲ. ಅಲ್ಲಿ 'ಎ' ಬರುತ್ತದೋ 'ದ' ಬರುತ್ತದೋ 'ಹೂ' ಬರುತ್ತದೋ ಎಂದು ಮಗುವೇ ಯೋಚಿಸಬೇಕು. ಚೀನೀ ಭಾಷೆಯಲ್ಲಿ ಇಲ್ಲದೇ ಇರುವುದೇ ಈ ಖಾಲಿ ಜಾಗಗಳಲ್ಲಿ ಬಂದು ಕೂರುತ್ತದೆ. 2023ರ ಒಂದು ಪತ್ರಿಕೆಯಲ್ಲಿ ಈ ಬರಹ ಷಿಯಾವ್‌ಲುಂಗ್‌ಬಾವ್ ಕುರಿತಾಗಿತ್ತು. ಒಳಗೆ ಬಿಸಿ ರಸ ತುಂಬಿದ ಶಾಂಘೈ ಕಡೆಯ ಆವಿ ಕಡುಬು ಅದು. ಇದರಲ್ಲಿ ಒಂದು ಜಾಣತನ ಇದೆ. ವಿಷಯ ಎಲ್ಲರಿಗೂ ಗೊತ್ತಿರುವ ತಿಂಡಿ. ಆದ್ದರಿಂದ ಎಡವಿದರೆ ವ್ಯಾಕರಣಕ್ಕೇ ಎಡವಬೇಕು. ದಕ್ಷಿಣದ ಮಗುವಿಗೆ ಉತ್ತರದ ಮಗುವಿಗಿಂತ ಸ್ವಲ್ಪ ಬಾಯಲ್ಲಿ ನೀರೂರಿರಬಹುದು, ಅಷ್ಟೇ.

ನನ್ನ ಮಟ್ಟಿಗೆ ಇಡೀ ಪತ್ರಿಕೆಯಲ್ಲಿ ಪ್ರಾಮಾಣಿಕವಾದ ಪ್ರಶ್ನೆ ಇದೇ. ಆದರೆ ಅದಕ್ಕೆ ಸಿಗುವುದು 150ರಲ್ಲಿ 15 ಅಂಕ.

ಇದಕ್ಕೂ ಒಂದು ಮಿತಿ ಇದೆ. ಡೋನಾ ಲಾರ್ಡಿಯರ್ ಎಂಬ ಭಾಷಾವಿಜ್ಞಾನಿ ಅಮೆರಿಕದಲ್ಲಿ ವರ್ಷಗಟ್ಟಲೆ ಬದುಕಿದ್ದ, ಚೀನೀ ಮಾತಿನ ಮಹಿಳೆಯೊಬ್ಬರ ಇಂಗ್ಲಿಷನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದರು. ಭೂತಕಾಲದ ಗುರುತು ಬೇಕಾದ ಕಡೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಕಡೆ ಮಾತ್ರ ಆಕೆ ಅದನ್ನು ಹಾಕುತ್ತಿದ್ದರು. ವರ್ಷಗಳು ಕಳೆದರೂ ಅದು ಏರಲಿಲ್ಲ. ಅದೇ ಮಹಿಳೆ 'ಹಿ' ಬೇಕಾದಲ್ಲಿ 'ಹಿ', 'ಹಿಮ್' ಬೇಕಾದಲ್ಲಿ 'ಹಿಮ್' ಸರಿಯಾಗಿಯೇ ಹೇಳುತ್ತಿದ್ದರು. ವ್ಯಾಕರಣ ತಲೆಯಲ್ಲಿತ್ತು, ನಾಲಿಗೆಗೆ ಮಾತ್ರ ಇಳಿಯುತ್ತಿರಲಿಲ್ಲ. ಉಚ್ಚಾರದ್ದೂ ಅದರಲ್ಲಿ ಪಾಲಿದೆ. ಬೀಜಿಂಗಿನ ಚೀನೀ ಮಾತಿನಲ್ಲಿ ಪದಗಳು ಹೆಚ್ಚಾಗಿ ಸ್ವರದಲ್ಲೋ 'ನ್', 'ಙ್' ಥರದ ಸದ್ದಿನಲ್ಲೋ ಮುಗಿಯುತ್ತವೆ. 'ವಾಕ್ಡ್' ಅಂತ ಎರಡು ವ್ಯಂಜನ ಒತ್ತಿ ಮುಗಿಸುವುದು ಅವರ ಬಾಯಿಗೆ ಒಗ್ಗುವುದಿಲ್ಲ, ಹಾಗಾಗಿ ಕೊನೆಯದು ಉದುರುತ್ತದೆ. ನಮಗೂ ಒಗ್ಗುವುದಿಲ್ಲ, ಆದರೆ ನಾವು ಉದುರಿಸುವುದಿಲ್ಲ, ಒಂದು 'ಉ' ಅಂಟಿಸಿಕೊಳ್ಳುತ್ತೇವೆ. ಬಸ್ಸು, ಕಾರು, ಬ್ಯಾಂಕು. ಭೂತಕಾಲದ ಗುರುತು ನಮ್ಮ ಬಾಯಲ್ಲಿ ಉಳಿಯುತ್ತದೆ, ಅವರ ಬಾಯಲ್ಲಿ ಹೋಗುತ್ತದೆ. ಇಬ್ಬರ ವ್ಯಾಕರಣ ಜ್ಞಾನ ಒಂದೇ ಇದ್ದರೂ ಕೇಳುವವರ ಕಿವಿಯಲ್ಲಿ ಅಂಕ ಬೇರೆ.

ಬೀಜಿಂಗ್, ಶಾಂಘೈ, ಗ್ವಾಂಗ್‌ಡಾಂಗ್ ಥರದ ಕೆಲವು ಕಡೆ ಬಿಟ್ಟರೆ ಗಾವ್‌ಕಾವ್‌ನ ಒಟ್ಟು ಅಂಕದಲ್ಲಿ ಮಾತಿಗೆ ಪಾಲಿಲ್ಲ. ಕೈಯಲ್ಲಿ ಬರುವ, ಬಾಯಲ್ಲಿ ಬಾರದ ಈ ಇಂಗ್ಲಿಷಿಗೆ ಚೀನೀಯರೇ ಇಟ್ಟ ಹೆಸರು 'ಯಾಬಾ ಯಿಂಗ್‌ಯು'. ಅಂದರೆ ಮೂಕ ಇಂಗ್ಲಿಷ್.

ಇನ್ನು ಪದಗಳ ಮಾತು. ಚೀನೀ ವಿದ್ಯಾರ್ಥಿಗಳಲ್ಲಿ ಒಂದು ಹಳೇ ಜೋಕ್ ಇದೆ. ಪದಕೋಶದ ಪುಸ್ತಕ ತೆರೆದರೆ ಅಕ್ಷರ ಕ್ರಮದಲ್ಲಿ ಮೊದಲಿಗೆ ಸಿಗುವ ಪದ 'ಅಬ್ಯಾಂಡನ್', ಕೈಬಿಡು ಅಂತ. ಹುಡುಗರು ಪದದ ಮಾತು ಕೇಳಿ ಅಲ್ಲಿಗೇ ಕೈಬಿಡುತ್ತಾರೆ. ಮುಂದಿನ ವಾರ ಮತ್ತೆ ಶುರು, ಮತ್ತೆ 'ಅಬ್ಯಾಂಡನ್'. ಉರು ಹೊಡೆಯುವುದಕ್ಕೆ ಅವರಲ್ಲಿ 'ಬೇಯ್' ಅನ್ನುತ್ತಾರೆ. ಅದನ್ನು ಬರೆಯುವ ಅಕ್ಷರದ ಅರ್ಥ ಬೆನ್ನು. ಪುಸ್ತಕಕ್ಕೆ ಬೆನ್ನು ತಿರುಗಿಸಿ ಒಪ್ಪಿಸುವುದು. ನಮ್ಮದು ಬಾಯಿಪಾಠ, ಅವರದು ಬೆನ್ನುಪಾಠ.

ಈ ಬೆನ್ನುಪಾಠ ಯಾಕೆ ಅಷ್ಟು ಭಾರ ಅನ್ನುವುದನ್ನು ಯೋಚಿಸಿ. ಸ್ಪಾನಿಷ್ ಮಗುವಿಗೆ ಸಾವಿರಾರು ಇಂಗ್ಲಿಷ್ ಪದ ಪುಕ್ಕಟೆ ಸಿಗುತ್ತವೆ, ಎರಡು ಭಾಷೆಗಳಲ್ಲೂ ಲ್ಯಾಟಿನ್‌ನಿಂದ ಬಂದ ಪದಗಳ ರಾಶಿಯೇ ಇದೆ. ಕನ್ನಡದ ಮಗುವಿಗೂ ಬೇರೆ ದಾರಿಯಲ್ಲಿ ಪುಕ್ಕಟೆ ಸಿಗುತ್ತವೆ. ಸ್ವಿಚ್, ಬಕೆಟ್, ಡಾಕ್ಟರ್, ಟಿಕೆಟ್, ಟೆನ್ಶನ್, ಅಡ್ಜಸ್ಟ್. ಹಳ್ಳಿಯ ಅಜ್ಜಿಗೂ ಇವು ಗೊತ್ತು. ಚೀನೀ ಭಾಷೆ ಹೊರಗಿನ ಪದವನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದು ಕಡಿಮೆ. ಕಾಫಿಗೆ 'ಕಾಫೇ', ಸೋಫಾಕ್ಕೆ 'ಷಾಫಾ' ಎಂಬಂಥ ಕೆಲವು ಇವೆ. ಆದರೆ ಕಂಪ್ಯೂಟರ್ 'ದ್ಯೆನ್‌ನಾವ್', ಅಂದರೆ ವಿದ್ಯುತ್ ಮಿದುಳು. ಟೆಲಿಫೋನ್ ವಿದ್ಯುತ್ ಮಾತು. ಸಿನಿಮಾ ವಿದ್ಯುತ್ ನೆರಳು. ಎಷ್ಟು ಚಂದದ ಪದಗಳು! ಆದರೆ ಇಂಗ್ಲಿಷ್ ಪರೀಕ್ಷೆಗೆ ಕೂತ ಮಗುವಿಗೆ ಇವುಗಳಿಂದ ಒಂದು ಪೈಸೆ ಉಪಯೋಗವಿಲ್ಲ.

ಹೈಸ್ಕೂಲಿನ ಪಠ್ಯಕ್ರಮ ಗಾವ್‌ಕಾವ್‌ಗೆ ಬೇಕೆಂದು ಪಟ್ಟಿ ಮಾಡಿರುವುದು ಸುಮಾರು 3000 ಪದ. ಇದು ಸಾಕೇ? ನ್ಯೂಜಿಲೆಂಡಿನ ಪಾಲ್ ನೇಷನ್ ಪದಸಂಪತ್ತಿನ ಅಳತೆಗೇ ಜೀವನ ಸವೆಸಿದವರು. ಪತ್ರಿಕೆಯೋ ಕಾದಂಬರಿಯೋ ಆರಾಮಾಗಿ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು, ಅಂದರೆ 8000ದಿಂದ 9000 ಪದಕುಟುಂಬ ಬೇಕು ಅನ್ನುವುದು ಅವರ 2006ರ ಲೆಕ್ಕ. ಒಂದು ಬೇರಿನಿಂದ ಹೊರಟ ಪದಗಳೆಲ್ಲ ಸೇರಿ ಒಂದು ಕುಟುಂಬ. 3000ಕ್ಕೂ 8000ಕ್ಕೂ ನಡುವಿನ ಕಂದಕ ನೋಡಿ. ಗಾವ್‌ಕಾವ್‌ನ ಓದಿನ ಬರಹಗಳು ಹೆಚ್ಚಾಗಿ ಇಂಗ್ಲಿಷ್ ಪತ್ರಿಕೆ, ಪುಸ್ತಕಗಳಿಂದ ಆರಿಸಿ ತಿದ್ದಿ ಕೊಟ್ಟವು. ತಿದ್ದಿದರೂ ಕಂದಕ ಪೂರ್ತಿ ಮುಚ್ಚುವುದಿಲ್ಲ.

ಪಟ್ಟಿಯೊಳಗಿನ ಪದಗಳೂ ಕೈಕೊಡುತ್ತವೆ. ಇದಕ್ಕೆ ಚೀನೀ ಮೇಷ್ಟ್ರುಗಳ ಬಾಯಲ್ಲಿ ಒಂದು ಮಾತಿದೆ, 'ಷುತ್ಸ್ ಷೆಂಗ್‌ಯಿ'. ಪರಿಚಿತ ಪದ, ಅಪರಿಚಿತ ಅರ್ಥ. 'ಅಡ್ರೆಸ್' ಅಂದರೆ ವಿಳಾಸ ಅಂತ ಬೆನ್ನುಪಾಠ ಮಾಡಿದವರಿಗೆ ಸಮಸ್ಯೆಯನ್ನು 'ಅಡ್ರೆಸ್' ಮಾಡಬೇಕು ಅಂದರೆ ಸಮಸ್ಯೆಗೆ ಕಾಗದ ಬರೆಯಬೇಕೋ ಎಂದು ಗೊಂದಲ. ಒಂದು ಪದಕ್ಕೆ ಒಂದು ಚೀನೀ ಅರ್ಥ ಅಂತ ಜೋಡಿಸಿ ಕಲಿತರೆ ಹೀಗಾಗುತ್ತದೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು, ಆದ್ದರಿಂದ ಬೇಕೆಂದೇ ಇಂಥವನ್ನು ಹುಡುಕುತ್ತಾರೆ. ಇದನ್ನು ನಾನು ಪೂರ್ತಿ ಮೋಸ ಅನ್ನುವುದಿಲ್ಲ. ಆದರೆ ಅಪರೂಪದ ಅರ್ಥಗಳದ್ದೇ ಒಂದು ಪಟ್ಟಿ ಮಾಡಿ ಟ್ಯೂಷನ್‌ನವರು ಮಾರತೊಡಗಿದ ಮೇಲೆ ಅದೂ ಇನ್ನೊಂದು ಬೆನ್ನುಪಾಠವಾಯಿತು.

ಪದಜ್ಞಾನವನ್ನು ಯಾವ ಭಾಷೆಯಲ್ಲಿ ಕೇಳಬೇಕು ಅನ್ನುವುದೂ ಸಣ್ಣ ಪ್ರಶ್ನೆಯಲ್ಲ. ನೇಷನ್ ಅವರ ಪದಸಂಪತ್ತಿನ ಪರೀಕ್ಷೆಯಲ್ಲಿ 140 ಪ್ರಶ್ನೆ. ಪದಗಳನ್ನು ಬಳಕೆಯ ಕ್ರಮದಲ್ಲಿ ಸಾವಿರ ಸಾವಿರವಾಗಿ 14 ಮೆಟ್ಟಿಲು ಮಾಡಿ, ಮೆಟ್ಟಿಲಿಗೆ ಹತ್ತರಂತೆ ಆರಿಸಿದ್ದಾರೆ. ಸರಿಯುತ್ತರಗಳನ್ನು ನೂರರಿಂದ ಗುಣಿಸಿದರೆ ನಿಮ್ಮ ಪದಸಂಪತ್ತು. ಮೊದಲು ಆಯ್ಕೆಗಳೂ ಇಂಗ್ಲಿಷಿನಲ್ಲೇ ಇದ್ದವು. ಆಗ ಪದ ಗೊತ್ತಿದ್ದರೂ ಆಯ್ಕೆಯ ವಾಕ್ಯ ಅರ್ಥವಾಗದೆ ತಪ್ಪು ಮಾಡುವವರಿದ್ದರು. ಅವರಿಗೆ ಅದು ಪದಪರೀಕ್ಷೆ ಆಗಿರಲಿಲ್ಲ, ಓದಿನ ಪರೀಕ್ಷೆ ಆಗಿತ್ತು. ಹಾಗಾಗಿ ಆಯ್ಕೆಗಳನ್ನು ಚೀನೀ ಭಾಷೆಯಲ್ಲೇ ಕೊಡುವ ಆವೃತ್ತಿಯೂ ಬಂತು. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಬಳಸಬಾರದು ಎಂದು ಹಟ ಹಿಡಿಯುವವರು ಇದನ್ನು ಒಮ್ಮೆ ನೋಡಬೇಕು.

ಪದಗಳ ಈ ಭಾರ ಎಷ್ಟು ನಿಜ ಅನ್ನುವುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. ಗಾವ್‌ಕಾವ್‌ನಲ್ಲಿ ವಿದೇಶಿ ಭಾಷೆ ಅಂದರೆ ಇಂಗ್ಲಿಷೇ ಆಗಬೇಕೆಂದಿಲ್ಲ. ಜಪಾನೀ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪಾನಿಷ್ ಕೂಡ ತೆಗೆದುಕೊಳ್ಳಬಹುದು, ಅಂಕ ಅಷ್ಟೇ. ಇತ್ತೀಚಿನ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ಮಕ್ಕಳು ಹೈಸ್ಕೂಲಿನ ನಡುವೆಯೇ ಜಪಾನೀ ಭಾಷೆಗೆ ಹಾರುವುದು ಜೋರಾಯಿತು. ಹತ್ತು ವರ್ಷ ಇಂಗ್ಲಿಷ್ ಕಲಿತು ಬಾರದ ಅಂಕ ಎರಡು ವರ್ಷದ ಜಪಾನೀ ಕಲಿಕೆಯಲ್ಲಿ ಬರುತ್ತದೆ ಎಂಬ ಲೆಕ್ಕಾಚಾರ. ಯಾಕೆ? ಜಪಾನೀ ಬರಹದಲ್ಲಿ ಚೀನೀ ಅಕ್ಷರಗಳೇ ತುಂಬಿವೆ. ಉಚ್ಚಾರ ಗೊತ್ತಿಲ್ಲದಿದ್ದರೂ ಕಣ್ಣಿಗೆ ಅರ್ಥ ಹೊಳೆಯುತ್ತದೆ. ಜಪಾನೀ ವ್ಯಾಕರಣವೇನೂ ಅವರಿಗೆ ಹತ್ತಿರದ್ದಲ್ಲ. ಕ್ರಿಯಾಪದ ಕೊನೆಗೆ ಬರುವ ಆ ಭಾಷೆ ವಾಕ್ಯರಚನೆಯಲ್ಲಿ ನಮಗೇ ಹತ್ತಿರ. ಆದರೂ ಪದ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ. ಮಕ್ಕಳು ದಡ್ಡರಾಗಿದ್ದಿದ್ದರೆ ಇದರಲ್ಲೂ ಸೋಲಬೇಕಿತ್ತಲ್ವಾ?

ಓದುವ ಕಣ್ಣಿನ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಚೀನೀ ಬರಹದಲ್ಲಿ ಪದಗಳ ನಡುವೆ ಖಾಲಿ ಜಾಗವಿಲ್ಲ. ಅಕ್ಷರದ ಆಕಾರ ನೋಡಿ ಗುರುತಿಸಬೇಕು. ಚೀನಾದ ಮುಖ್ಯಭೂಮಿಯಲ್ಲಿ 1958ರಲ್ಲಿ ಪಿನ್‌ಯಿನ್ ಎಂಬ ರೋಮನ್ ಲಿಪಿಯ ಕ್ರಮ ಬಂತು. ಮಕ್ಕಳು ಮೊದಲು ಅದರಲ್ಲಿ ಸದ್ದನ್ನು ಬಿಡಿಸಿಕೊಂಡು ಆಮೇಲೆ ಅಕ್ಷರಕ್ಕೆ ಹೋಗುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಆ ಪದ್ಧತಿ ಇರಲಿಲ್ಲ. ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ, ಹೊಸದಾಗಿ ಕಟ್ಟಿದ ಇಂಗ್ಲಿಷ್ ಪದಗಳನ್ನು ಓದಿಸಿದ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹಾಂಗ್‌ಕಾಂಗ್‌ನವರಿಗೆ ಅಂಥ ಪದ ಓದುವುದು ಬಹಳ ಕಷ್ಟವಾಯಿತು. ಗೊತ್ತಿರುವ ಪದಗಳನ್ನು ಅವರು ಚೆನ್ನಾಗಿಯೇ ಓದುತ್ತಿದ್ದರು. ಅಂದರೆ ಇಂಗ್ಲಿಷ್ ಪದವನ್ನೂ ಅವರು ಒಂದು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುತ್ತಿದ್ದರು. ನಮ್ಮ ಮಕ್ಕಳು ಕಾಗುಣಿತ ಕಲಿತವರು, ಸದ್ದು ಬಿಡಿಸುವುದು ಅವರಿಗೆ ಮೊದಲೇ ಅಭ್ಯಾಸ. ಹೊಸ ಪದ ಎದುರಾದಾಗ ತಪ್ಪೋ ಸರಿಯೋ ಓದಿಯಾದರೂ ಬಿಡುತ್ತಾರೆ. ಮೌನವಾಗಿ ಓದಿ ಉತ್ತರ ಗುರುತಿಸುವ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಓದಿನ ಪ್ರಶ್ನೆಗಳಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಪದಗಳನ್ನು ಅಳಿಸಿ ಕೊಡುವ 'ಕ್ಲೋಜ್'. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕದವರು ಇದನ್ನು ರೂಪಿಸಿದ್ದು ವಿದ್ಯಾರ್ಥಿಯನ್ನು ಅಳೆಯಲಿಕ್ಕಲ್ಲ. ಪತ್ರಿಕೆಯ ಬರಹ ಎಷ್ಟು ಸುಲಭ, ಎಷ್ಟು ಕಷ್ಟ ಎಂದು ಅಳೆಯಲಿಕ್ಕೆ. ಚಿತ್ರದ ಒಂದು ತುಂಡು ಇಲ್ಲದಿದ್ದರೂ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ ಅನ್ನುವ ಗೆಸ್ಟಾಲ್ಟ್ ಮನೋವಿಜ್ಞಾನದ ವಿಚಾರ ಅದರ ಹಿಂದೆ ಇತ್ತು. ಚೀನೀಯರು ಅದನ್ನು 'ವಾನ್‌ಷಿಂಗ್ ತ್ಯೆನ್‌ಕುಂಗ್' ಎಂದು ಕರೆದರು, ಗೆಸ್ಟಾಲ್ಟ್‌ಗೆ ಇರುವ ಚೀನೀ ಪದವನ್ನೇ ಬಳಸಿ. ತಮಾಷೆ ಏನೆಂದರೆ ಇಂಥ ಪರೀಕ್ಷೆ ಅವರಿಗೆ ಹೊಸದೇ ಅಲ್ಲ. ಟಾಂಗ್ ಅರಸರ ಕಾಲದಲ್ಲಿ, ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಅಧಿಕಾರಿಗಳ ಆಯ್ಕೆಗೆ 'ತ್ಯೆಜಿಂಗ್' ಎಂಬ ಪರೀಕ್ಷೆ ಇತ್ತು. ಶಾಸ್ತ್ರಗ್ರಂಥದ ಸಾಲಿನ ಕೆಲವು ಅಕ್ಷರಗಳ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ಕೆಳಗೆ ಏನಿದೆ ಅಂತ ಹೇಳಬೇಕು. ಅಲ್ಲಿ ಅಳೆಯುತ್ತಿದ್ದದ್ದು ನೆನಪನ್ನು, ಇಲ್ಲಿ ಅಳೆಯಬೇಕಾದ್ದು ಊಹೆಯನ್ನು. ಆದರೆ ಮಕ್ಕಳು ವರ್ಷಗಟ್ಟಲೆ ಹಳೇ ಪ್ರಶ್ನೆಪತ್ರಿಕೆ ತಿಕ್ಕಿ ತಿಕ್ಕಿ ಬಂದಾಗ ಊಹೆಯೂ ನೆನಪಾಗಿಬಿಡುತ್ತದೆ. 'ತಿಕ್ಕುವುದು' ನನ್ನ ಪದವಲ್ಲ. ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ ಅಭ್ಯಾಸ ಮಾಡುವುದಕ್ಕೆ ಅವರು 'ಷುವಾತಿ' ಅನ್ನುತ್ತಾರೆ, ಬ್ರಶ್ ಹಿಡಿದು ತಿಕ್ಕುವುದು ಅಂತ.

ಇದನ್ನು ಮುರಿಯಲೆಂದೇ ತಂದದ್ದು 'ಓದಿ ಮುಂದುವರಿಸಿ ಬರೆಯಿರಿ'. ಸುಮಾರು 350 ಪದದ ಒಂದು ಕಥೆ ಅರ್ಧಕ್ಕೆ ನಿಂತಿರುತ್ತದೆ. ಮುಂದಿನ ಎರಡು ಪ್ಯಾರಾಗಳ ಮೊದಲ ಸಾಲು ಕೊಟ್ಟಿರುತ್ತಾರೆ. ಸುಮಾರು 150 ಪದದಲ್ಲಿ ಕಥೆ ಮುಗಿಸಬೇಕು. 25 ಅಂಕ. 2016ರಲ್ಲಿ ಜೆಜಿಯಾಂಗ್ ಪ್ರಾಂತ್ಯದಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆಗೂ ಹರಡಿತು. ಓದದೆ ಬರೆಯಲಾಗುವುದಿಲ್ಲ, ಬಾಯಿಪಾಠ ಮಾಡಿದ ಕಾಗದ ಇಲ್ಲಿ ನಡೆಯುವುದಿಲ್ಲ. ಒಳ್ಳೆಯ ಪ್ರಶ್ನೆ. ಆದರೆ ಲಕ್ಷಾಂತರ ಕಥೆಗಳಿಗೆ ಒಂದೇ ತಕ್ಕಡಿಯಲ್ಲಿ ಅಂಕ ಹಾಕುವುದು ಹೇಗೆ?

ಅದೇ ಜೆಜಿಯಾಂಗ್‌ನಲ್ಲಿ 2018ರ ನವೆಂಬರ್‌ನಲ್ಲಿ ತಕ್ಕಡಿ ಮುರಿಯಿತು. ಅಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆಯಬಹುದು, ಒಳ್ಳೆಯ ಅಂಕ ಉಳಿಸಿಕೊಳ್ಳಬಹುದು. ಆ ಸಲದ ಪತ್ರಿಕೆ ಹಿಂದಿನದಕ್ಕಿಂತ ಕಷ್ಟವಾಯಿತು ಎಂದು ಅಧಿಕಾರಿಗಳು ಓದು ಮತ್ತು ಬರಹದ ಕೆಲವು ಪ್ರಶ್ನೆಗಳ ಅಂಕವನ್ನು ತೂಕ ಹಾಕಿ ಹೆಚ್ಚಿಸಿದರು. ಮೊದಲೇ ಹೇಳಿರಲಿಲ್ಲ. ಫಲಿತಾಂಶ ಬಂದಾಗ ಮಕ್ಕಳು ತಮ್ಮ ಉತ್ತರ ಲೆಕ್ಕ ಹಾಕಿ ನೋಡಿದರೆ ತಾಳೆಯೇ ಆಗುತ್ತಿಲ್ಲ. ಹಿಂದೆ ಇದ್ದವರು ಮುಂದೆ ಬಂದಿದ್ದರು. ನಮ್ಮಲ್ಲಿ ಗ್ರೇಸ್ ಮಾರ್ಕ್ಸ್ ಕೊಟ್ಟಾಗ ಆಗುವ ಗಲಾಟೆಯನ್ನು ಹತ್ತು ಪಟ್ಟು ಮಾಡಿ ಊಹಿಸಿಕೊಳ್ಳಿ. ಪ್ರಾಂತ್ಯದ ಗವರ್ನರ್ ನೇತೃತ್ವದಲ್ಲೇ ತನಿಖೆ ನಡೆಯಿತು. ಡಿಸೆಂಬರ್ 5ರಂದು ಅದು ತಪ್ಪು ನಿರ್ಧಾರ ಎಂದು ಒಪ್ಪಿಕೊಂಡು, ಹಳೆಯ ಅಂಕಗಳನ್ನೇ ಉಳಿಸಿದರು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಕುರ್ಚಿ ಹೋಯಿತು.

ಎರಡು ಪತ್ರಿಕೆಗಳ ಕಷ್ಟವನ್ನು ಸರಿದೂಗಿಸುವುದು ತಪ್ಪಲ್ಲ. ಬೇರೆ ದೊಡ್ಡ ಪರೀಕ್ಷೆಗಳು ಕೆಲವು ಪ್ರಶ್ನೆಗಳನ್ನು ಗುಟ್ಟಾಗಿಟ್ಟು, ಬೇರೆ ಬೇರೆ ಸಲ ಅವನ್ನೇ ಕೇಳಿ, ಆ ಮೂಲಕ ಹೋಲಿಸುತ್ತವೆ. ಗಾವ್‌ಕಾವ್‌ನಲ್ಲಿ ಅದು ಆಗುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಪತ್ರಿಕೆ ಊರೆಲ್ಲ ಓಡಾಡುತ್ತದೆ, ಗೈಡು ಅಚ್ಚಾಗುತ್ತದೆ. ಮೊದಲೇ ಪರೀಕ್ಷಿಸಿ ನೋಡೋಣ ಅಂದರೆ ಸೋರಿಕೆಯ ಭಯ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯ ಪ್ರಶ್ನೆಗಳನ್ನು ಬರೆದು ಬಂದವರು ನೆನಪಿನಿಂದ ಜಾಲತಾಣಗಳಲ್ಲಿ ಹಾಕುತ್ತಿದ್ದಾರೆ ಎಂದು 2002ರಲ್ಲಿ ಅಮೆರಿಕದ ಪರೀಕ್ಷಾ ಸಂಸ್ಥೆ ಇಟಿಎಸ್ ಚೀನಾದಲ್ಲಿ ಅದರ ಕಂಪ್ಯೂಟರ್ ಪರೀಕ್ಷೆಯನ್ನೇ ನಿಲ್ಲಿಸಿ ಕಾಗದಕ್ಕೆ ಮರಳಿತ್ತು. ಈಗಂತೂ ಫೋಟೊ ತೆಗೆದರೆ ಉತ್ತರ ಹೇಳುವ ಆ್ಯಪ್‌ಗಳಿವೆ. 2025ರ ಗಾವ್‌ಕಾವ್ ಹೊತ್ತಿನಲ್ಲಿ ಚೀನಾದ ಎಐ ಕಂಪನಿಗಳು ಪ್ರಶ್ನೆಯ ಫೋಟೊ ಓದುವ ಸೌಲಭ್ಯವನ್ನು ಪರೀಕ್ಷೆಯ ಗಂಟೆಗಳಲ್ಲಿ ಮುಚ್ಚಿಟ್ಟವು.

ಇಷ್ಟೆಲ್ಲ ಕಷ್ಟಪಟ್ಟು ಅಳೆಯುವ ಅಗತ್ಯವಾದರೂ ಏನು ಅನ್ನುವ ವಾದ ಚೀನಾದಲ್ಲಿ ಆಗಾಗ ಏಳುತ್ತದೆ. 2013ರಲ್ಲಿ ಬೀಜಿಂಗ್ ಇಂಗ್ಲಿಷಿನ 150 ಅಂಕವನ್ನು 100ಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟು, ಆಮೇಲೆ ಕೈಬಿಟ್ಟಿತು. 2021ರಲ್ಲಿ ಇಂಗ್ಲಿಷನ್ನು ಮುಖ್ಯ ವಿಷಯಗಳ ಪಟ್ಟಿಯಿಂದ ತೆಗೆಯಿರಿ ಎಂದು ರಾಷ್ಟ್ರೀಯ ಸಲಹಾ ಮಂಡಳಿಯ ಸದಸ್ಯರೊಬ್ಬರು ಕೇಳಿದರು, ಶಿಕ್ಷಣ ಸಚಿವಾಲಯ ಒಪ್ಪಲಿಲ್ಲ. ಅದೇ ವರ್ಷ ಶಾಂಘೈ ಪ್ರಾಥಮಿಕ ಶಾಲೆಗಳ ವರ್ಷಾಂತ್ಯದ ಪರೀಕ್ಷೆಯಿಂದ ಇಂಗ್ಲಿಷನ್ನು ಬಿಟ್ಟಿತು. 2022ರ ಪಠ್ಯಕ್ರಮದಲ್ಲಿ ಕಡ್ಡಾಯ ಶಿಕ್ಷಣದ ಪಾಠದ ಹೊತ್ತಿನಲ್ಲಿ ವಿದೇಶಿ ಭಾಷೆಗೆ ನೂರಕ್ಕೆ 6ರಿಂದ 8 ಪಾಲು, ಚೀನೀ ಭಾಷೆಗೆ 20ರಿಂದ 22. ಪಾಠಕ್ಕೆ ಇಷ್ಟು ಕಡಿಮೆ ಹೊತ್ತು, ಗಾವ್‌ಕಾವ್‌ನಲ್ಲಿ ಮಾತ್ರ ಎರಡಕ್ಕೂ ಸಮ ಅಂಕ. ನಡುವಿನ ಆ ಸಂದಿಯಲ್ಲೇ ಟ್ಯೂಷನ್ ಬೆಳೆದದ್ದು.

ಕಾಲೇಜು ಸೇರಿದ ಮೇಲೂ ಪರೀಕ್ಷೆ ಬಿಡುವುದಿಲ್ಲ. 1987ರಿಂದ ನಡೆಯುತ್ತಿರುವ ಕಾಲೇಜು ಇಂಗ್ಲಿಷ್ ಪರೀಕ್ಷೆಯನ್ನು ಹುಡುಗರು 'ನಾಲ್ಕು', 'ಆರು' ಎಂದು ಅದರ ಮಟ್ಟದ ಸಂಖ್ಯೆಯಿಂದಲೇ ಕರೆಯುತ್ತಾರೆ. 710ಕ್ಕೆ ಅಂಕ. 2005ರ ಬದಲಾವಣೆಯ ನಂತರ ಪಾಸು-ಫೇಲು ಎಂಬುದಿಲ್ಲ, ಅಂಕಪಟ್ಟಿ ಮಾತ್ರ. ಆದರೆ ಎಲ್ಲರ ತಲೆಯಲ್ಲೂ 425 ಅನ್ನುವುದು ಪಾಸಿನ ಗೆರೆ. ಎಷ್ಟೋ ವಿಶ್ವವಿದ್ಯಾಲಯಗಳು ಆ ಗೆರೆ ದಾಟದವರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶಿಯಾನ್ ಜಿಯಾವ್‌ಟಾಂಗ್ ವಿಶ್ವವಿದ್ಯಾಲಯ ಇನ್ನು ಮುಂದೆ ಈ ಪರೀಕ್ಷೆಗೂ ಪದವಿಗೂ ಸಂಬಂಧವಿಲ್ಲ ಎಂದು ಪ್ರಕಟಿಸಿದಾಗ ದೇಶವೆಲ್ಲ ಅದೇ ಚರ್ಚೆ. ಒಂದು ಪೀಡೆ ತೊಲಗಿತು ಎಂದು ತುಂಬಾ ಜನ ಖುಷಿಪಟ್ಟರು. ಸರ್ಕಾರಿ ಹುದ್ದೆಗಳ, ದೊಡ್ಡ ಕಂಪನಿಗಳ ಅರ್ಜಿ ನಮೂನೆಯಲ್ಲಿ ಮಾತ್ರ ಆ ಅಂಕಣ ಹಾಗೇ ಉಳಿದಿದೆ: ನಾಲ್ಕನೆಯ ಮಟ್ಟದಲ್ಲಿ 425 ಬಂದಿದೆಯೇ?